ಸುಲ್ತಾನ ಕಲಿತ ಮಾತುಗಳು

ಕುಕ್ಕುಂದೂರು, ಕಾರ್ಕಳ
೧೪ ನವೆಂಬರ್ ೨೦೨೪

ಫೋನ್ ಎತ್ತದ ನನ್ನ ಪ್ರೀತಿಯ ಜೆರ್ಟ್ರೂಡ್,

ಭಾನುವಾರದಿಂದ ನೀನು ನನ್ನ ಕರೆಯನ್ನು ಕಟ್ ಮಾಡುತ್ತಿದ್ದೀಯಲ್ಲ, ಅದಕ್ಕೇ ಕಾಗದ ಪೆನ್ನು ಹಿಡಿದಿದ್ದೇನೆ. ಒಂದೇ ಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದವರು ನಾವು, ನಿನ್ನ ಸಿಟ್ಟು ನನಗೆ ಹೊಸತಲ್ಲ. ಮೊಣಕಾಲಿನ ಆಪರೇಷನ್ ಆಗಿ ಮಣಿಪಾಲದಲ್ಲಿ ಮಗಳು ಸೋಫಿಯಾಳ ಫ್ಲ್ಯಾಟಿನಲ್ಲಿ ಕುಳಿತವಳು ಹೀಗೆ ಮುಖ ಊದಿಸಿಕೊಂಡರೆ ಬಿ.ಪಿ. ಏರುತ್ತದೆ ಎಂಬುದಷ್ಟೇ ನನ್ನ ಚಿಂತೆ. ಇದನ್ನು ಅವಳ ಕೈಯಲ್ಲಿ ಓದಿಸಬೇಡ, ನೀನೇ ಓದು.

ನಿನ್ನ ಸಂತೆಕಟ್ಟೆಯ ಮನೆಯಿಂದ ಸುಲ್ತಾನನನ್ನು ನನ್ನ ಕೈಗೆ ಒಪ್ಪಿಸುವಾಗ ನೀನು ಒಂದೇ ಮಾತು ಹೇಳಿದ್ದೆ. ತಿನ್ನಲಿಕ್ಕೆ ಎಂತ ಬೇಕಾದರೂ ಕೊಡು, ಹೊಸ ಮಾತು ಮಾತ್ರ ಕಲಿಸಬೇಡ, ಹೊಸತು ಒಳಗೆ ಹೋದರೆ ಸಿರಿಲರ ದನಿ ಹೊರಗೆ ಹೋಗುತ್ತದೆ ಎಂದಿದ್ದೆ. ಫೋಟೋಕ್ಕೆ ನಿಲ್ಲಲೂ ನಾಚುತ್ತಿದ್ದ ನಿನ್ನ ಗಂಡನ ಒಂದು ವಿಡಿಯೋ ಸಹ ಇಲ್ಲ. ಅವರು ತೀರಿಕೊಂಡ ಮೇಲಿನ ಈ ನಾಲ್ಕು ವರ್ಷ ಅವರ ದನಿ ಉಳಿದಿರುವುದು, ಅವರೇ ಮಸ್ಕತ್ತಿನಿಂದ ತಂದ ಆ ಬೂದು ಗಿಳಿಯ ಗಂಟಲಲ್ಲಿ. ನಿನ್ನ ಹೆದರಿಕೆ ನನಗೆ ಅರ್ಥವಾಗುತ್ತದೆ.

ಭಾನುವಾರ ಫೋನಿನಲ್ಲಿ ಕೇಳಿಸಿದ "ಸ ರಿ ಗ ಮ" ಯಾರದೆಂದು ನೀನು ಕೇಳಿದಾಗ, ಸಂಗೀತ ಕಲಿಯಲು ಬರುವ ಅಕ್ಷಿತಾಳದು ಎಂದು ನಾನು ಹೇಳಬಾರದಿತ್ತು. ಅಷ್ಟರಲ್ಲೇ ಸುಲ್ತಾನ "ರೈಟ್, ಪೋಯಿ!" ಎಂದು ಬಸ್ ಕಂಡಕ್ಟರನ ಹಾಗೆ ಕೂಗಿ ನನ್ನ ಮಾನ ತೆಗೆದ. ಹೌದು ಮಾರಾಯ್ತಿ, ಎರಡೂ ಅವನೇ. ಆಗ ನೀನು, ಬರುವ ಭಾನುವಾರ ಸೋಫಿಯಾಳನ್ನು ಕಳಿಸಿ ಪಂಜರ ತರಿಸುತ್ತೇನೆ, ಬೀಗ ಹಾಕಿದ ಸಂತೆಕಟ್ಟೆಯ ಮನೆಯಲ್ಲೇ ಇಡುತ್ತೇನೆ, ಪಕ್ಕದ ಮನೆಯ ಸೆಲೀನ್ ಬಂದು ಕಾಳು ಹಾಕಿ ಹೋಗಲಿ ಎಂದು ಹೇಳಿ ಫೋನ್ ಇಟ್ಟೆ. ಹಾಗೆ ಮಾಡುವ ಮೊದಲು ಇಲ್ಲಿ ನಡೆದದ್ದನ್ನು ಕೇಳು.

ಮೊದಮೊದಲು ನಿನ್ನ ಮಾತನ್ನು ಅಕ್ಷರಶಃ ಪಾಲಿಸಿದೆ. ಪಂಜರವನ್ನು ಹಿಂದಿನ ಕೋಣೆಯಲ್ಲಿಟ್ಟು, ನನ್ನಂಥ ಬಾಯಿಬಡುಕಿ ತುಟಿ ಬಿಗಿದುಕೊಂಡು ಕಾಳು ನೀರು ಇಟ್ಟು ಬರುತ್ತಿದ್ದೆ. ಈ ಉಪಾಯ ಮದುವೆಯಾದ ವರ್ಷವೇ ಯಾಕೆ ಹೊಳೆಯಲಿಲ್ಲವೋ ಎಂದು ನಮ್ಮ ಯಜಮಾನರು ನಕ್ಕರು. ಸುಲ್ತಾನ ಮಾತ್ರ ಮೂಕನಾದ. ಸಿರಿಲರ ದನಿಯೂ ಇಲ್ಲ, ಬೇರೆ ಯಾವ ಸದ್ದೂ ಇಲ್ಲ. ಎದೆಯ ಬಲಭಾಗದ ಪುಕ್ಕಗಳನ್ನೆಲ್ಲ ತಾನೇ ಕಿತ್ತು ಬೋಳು ಮಾಡಿಕೊಂಡ. ನಿನಗೆ ಕಳಿಸಿದ ಫೋಟೋಗಳೆಲ್ಲ ಎಡಗಡೆಯಿಂದ ತೆಗೆದವು. ಬೈಯುವುದಿದ್ದರೆ ಇದಕ್ಕೆ ಬೈ.

ಹೆದರಿಕೆಯಾಗಿ ಉಡುಪಿಗೆ ಕೊಂಡುಹೋಗಿ ಪಶುವೈದ್ಯೆ ಚೈತಾಲಿಯವರಿಗೆ ತೋರಿಸಿದೆ. "ರೋಗ ಎಂತದೂ ಇಲ್ಲ ಅಮ್ಮ. ಇವನ ಹತ್ತಿರ ಮಾತಾಡುವವರು ಯಾರು ಉಂಟು ಮನೆಯಲ್ಲಿ?" ಎಂದು ಅವರು ಕೇಳಿದರು. ಮೂವತ್ತು ದಾಟಿದ ಗಿಳಿಗೆ ಇನ್ನು ಎಂತ ಕಲಿಸುವುದು ಎಂದೆ. ಈ ಜಾತಿಯವು ವಯಸ್ಸಾದರೂ ಕಲಿಯುತ್ತವೆ, ಎಳೆಯದರಷ್ಟು ಬೇಗ ಬಾರದಿರಬಹುದು, ಆದರೆ ಒಂಟಿಯಾಗಿ ಸುಮ್ಮನೆ ಕೂರಿಸಿದರೆ ಬೇಸರಕ್ಕೆ ಹೀಗೆ ಮೈ ಕಿತ್ತುಕೊಳ್ಳುತ್ತವೆ ಎಂದರು. ಅಂದೇ ಪಂಜರ ಜಗಲಿಗೆ ಬಂತು.

ನಮ್ಮ ಜಗಲಿಯ ಎದುರೇ ಬಸ್ ಸ್ಟಾಪ್. ಹಾಗಾಗಿ ಅವನು ಮೊದಲು ಕಲಿತದ್ದು ಕಂಡಕ್ಟರ್ ಮುದ್ದಣ್ಣನ ಶಿಳ್ಳೆ, ಆಮೇಲೆ ಡ್ರೈವರನಿಗೆ ಹೊರಡಲು ಹೇಳುವ ಆ "ರೈಟ್, ಪೋಯಿ". ಒಂದು ಬೆಳಿಗ್ಗೆ ಮುದ್ದಣ್ಣ ಕೆಳಗಿಳಿದು ಯಾರದೋ ಅಕ್ಕಿಚೀಲ ಇಳಿಸುತ್ತಿದ್ದ. ಸುಲ್ತಾನ ಶಿಳ್ಳೆ ಹೊಡೆದು ರೈಟ್ ಹೇಳಿದ, ಬಸ್ಸು ಕಂಡಕ್ಟರನನ್ನು ಬಿಟ್ಟು ಹೊರಟೇಹೋಯಿತು! ಎದ್ದುಬಿದ್ದು ಓಡಿ ಬಸ್ಸು ಹಿಡಿದ ಮುದ್ದಣ್ಣ ಸಂಜೆ ಜಗಳಕ್ಕೆಂದು ಬಂದವನು ಪಂಜರದ ಮುಂದೆ ಬಾಯಿ ಬಿಟ್ಟು ನಿಂತ. "ನನ್ನದೇ ಸ್ವರ ಮಾರಾಯ್ರೆ! ಗತ್ತು ನನಗಿಂತ ಜಾಸ್ತಿ ಉಂಟು" ಎಂದ. ಈಗ ಬಂದಾಗಲೆಲ್ಲ ಸುಲ್ತಾನನಿಗೆ ನೆಲಕಡಲೆ ತರುತ್ತಾನೆ.

ಸಂಗೀತದ ಕಥೆ ಇನ್ನೂ ಚಂದ. ಸಂಜೆ ಅಕ್ಷಿತಾಳಿಗೆ ನಾನು ಸರಳೆ ಹೇಳಿಕೊಡುವಾಗ ಸುಲ್ತಾನ ಒಂದು ಕಣ್ಣನ್ನು ನಮ್ಮ ಕಡೆ ತಿರುಗಿಸಿ ಕುಳಿತಿರುತ್ತಾನೆ, ಬಾಯಿ ತೆರೆಯುವುದಿಲ್ಲ. ಬೆಳಿಗ್ಗೆ ನಾನು ಅಂಗಳ ಗುಡಿಸುವಾಗ ಅವನ ಗೊಣಗಾಟ ಶುರುವಾಗುತ್ತದೆ. ಪರೀಕ್ಷೆಗೆ ಮೊದಲು ಗೋಡೆಯ ಕಡೆ ತಿರುಗಿ ಪದ್ಯ ಬಾಯಿಪಾಠ ಮಾಡುವ ನಮ್ಮ ಶಾಲೆಯ ಮಕ್ಕಳ ಹಾಗೆ, ತನ್ನಷ್ಟಕ್ಕೆ, ಸಣ್ಣ ಸ್ವರದಲ್ಲಿ. ಎಲ್ಲಾದರೂ ತಪ್ಪಿದರೆ ನಿಲ್ಲಿಸಿ ಮತ್ತೆ "ಸ"ದಿಂದ ಹಿಡಿಯುತ್ತಾನೆ. ಸರಿಯಾಗುವವರೆಗೆ ನಮ್ಮೆದುರು ಗಟ್ಟಿಯಾಗಿ ಹಾಡಲೇ ಇಲ್ಲ. ಎಷ್ಟು ಮಕ್ಕಳಿಗೆ ಕಲಿಸಿದ್ದೇನೆ ಜೆರ್ಟ್ರೂಡ್, ಇಂಥ ಶಿಷ್ಯ ಸಿಕ್ಕಿರಲಿಲ್ಲ. ಅವನನ್ನು ಕಂಡರೆ ನನಗೆ ನಿಜಕ್ಕೂ ಹೆಮ್ಮೆ. ಫೋನಿನಲ್ಲಿ ಟಿಕೆಟ್ ಬುಕ್ ಮಾಡುವುದು ಈ ವಯಸ್ಸಿಗೆ ತಲೆಗೆ ಹತ್ತುವುದಿಲ್ಲ ಎಂದು ಹೇಳಿಕೊಂಡು ತಿರುಗುವ ನನಗೆ ಸ್ವಲ್ಪ ನಾಚಿಕೆಯೂ ಆಯಿತು.

ಈಗ ನೀನು ಕಾಯುತ್ತಿರುವ ವಿಷಯ. ಮೊನ್ನೆ ಮಂಗಳವಾರ ಸಂಜೆ ಪಾಠ ಮುಗಿದು ಅಕ್ಷಿತಾ ಹೋದ ಮೇಲೆ ಜಗಲಿಯಿಂದ "ಜೆರ್ಟ್ರೂಡ್, ಚಾ ಜಾಲಿ?" ಎಂದು ಕೇಳಿಸಿತು. ಚಹಾ ಆಯಿತೇ ಎಂದು, ನಿಮ್ಮ ಮನೆಯ ಕೊಂಕಣಿಯಲ್ಲಿ, ಸಿರಿಲರದೇ ಗಡಸು ದನಿ, ಕೊನೆಯ ಸಣ್ಣ ಕೆಮ್ಮಿನ ಸಮೇತ. ನಮ್ಮ ಯಜಮಾನರು ಪೇಪರ್ ಕೆಳಗಿಟ್ಟು ಗೇಟಿನವರೆಗೆ ಹೋಗಿ ನೋಡಿ ಬಂದರು. ನಾನು ಕಣ್ಣೊರೆಸಿಕೊಂಡು ನಿನಗೆ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ನಿನ್ನೆಯೂ ಅದೇ ಹೊತ್ತಿಗೆ ಕೇಳಿದ. ಹೊಸ ಪಾಠಗಳೆಲ್ಲ ಒಳಗೆ ಹೋಗಿವೆ, ಸಿರಿಲರು ಎಲ್ಲಿಗೂ ಹೋಗಿಲ್ಲ. ಎದೆಯ ಪುಕ್ಕವೂ ಪುನಃ ಬರುತ್ತಿದೆ.

ಅವನನ್ನು ಆ ಮುಚ್ಚಿದ ಮನೆಗೆ ಕಳಿಸಬೇಡ, ಕೈಮುಗಿದು ಕೇಳುತ್ತೇನೆ. ನಿನ್ನ ಕಾಲು ಗಟ್ಟಿಯಾದ ದಿನ ನೀನೇ ಬಂದು ಕರೆದುಕೊಂಡು ಹೋಗು, ಒಂದು ಮಾತು ಆಡದೆ ಕೊಡುತ್ತೇನೆ. ಈ ಪತ್ರ ಮುದ್ದಣ್ಣನ ಬಸ್ಸಿನಲ್ಲಿ ಬರುತ್ತದೆ, ಸೋಫಿಯಾ ಸ್ಟಾಪಿಗೆ ಹೋಗಿ ತೆಗೆದುಕೊಳ್ಳಲಿ.

ಬೈಸಿಕೊಳ್ಳಲು ಸಿದ್ಧಳಾಗಿ ಕುಳಿತಿರುವ ನಿನ್ನ
ಸುಭಾಷಿಣಿ

ತಾ.ಕ.: ಮೇಲೆ ಒಂದು ಸಂಗತಿ ಬಿಟ್ಟಿದ್ದೇನೆ, ಬರೆಯಲು ಕೈ ಬರಲಿಲ್ಲ. ಸಿರಿಲರ ದನಿಯಲ್ಲಿ ಚಹಾ ಕೇಳಿದ ಮೇಲೆ ಸುಲ್ತಾನ ಸ್ವಲ್ಪ ತಡೆದು ತಾನೇ ಉತ್ತರವನ್ನೂ ಕೊಡುತ್ತಾನೆ. "ಆಯ್ಲೆಂ ಸಿರಿಲ್, ಆಯ್ಲೆಂ." ಬಂದೆ, ಬಂದೆ ಎಂದು. ಅದು ನಿನ್ನ ದನಿ. ಅವರು ಇದ್ದಾಗ ನೀನು ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಸ್ವಲ್ಪ ತಡೆಯಿರಿ ಎಂದು ಅಡುಗೆಮನೆಯಿಂದ ಗದರುತ್ತಿದ್ದೆ. ಇದು ಪಂಜರದ ಹತ್ತಿರವೇ ಕುಳಿತು, ಯಾರಿಗೂ ಕೇಳಿಸಬಾರದೆಂದು ಹೇಳಿದ ಮೆಲುದನಿ. ಸಿರಿಲರು ಹೋದ ಮೇಲೆ ಸುಲ್ತಾನ ಕಲಿತ ಮೊದಲ ಹೊಸ ಮಾತು ಇದೇ ಇರಬೇಕು. ಕಲಿಸಿದವಳು ನೀನು.