ಸಂದರ್ಶನಕ್ಕೆ ಹಾಜರಾಗದ ಅತ್ತೆಯ ಪರವಾಗಿ

ಹಿರಿಯರ ಮಂಡಳಿಯ ಮಾನ್ಯ ಕಾರ್ಯದರ್ಶಿಗಳೇ,

ಸೊಂಟದ ಮೂಳೆ ಮುರಿದುಕೊಂಡು ನಮ್ಮ ಮನೆಯಲ್ಲಿ ಮಲಗಿರುವ ನನ್ನ ಸೋದರತ್ತೆಯನ್ನು ನಿಮ್ಮ ಸಂದರ್ಶನ ಸಮಿತಿಯು ಕಳೆದ ಭಾನುವಾರ ‘ಗೈರುಹಾಜರಾದ ಅಭ್ಯರ್ಥಿ’ ಎಂದು ತೀರ್ಮಾನಿಸಿದೆ. ಯಾವ ಹುದ್ದೆಗೆ ಅಭ್ಯರ್ಥಿ ಎಂದು ನಾನು ಕೇಳಿದೆ. ಯಾರೂ ನಗಲಿಲ್ಲ. ನನ್ನ ಅನುಮಾನ ಹುಟ್ಟಿದ್ದು ಆ ಗಳಿಗೆಯಲ್ಲಿ.

ಈ ಪತ್ರವನ್ನು ನಮ್ಮ ದೇವಾಲಯದ ಸೂಚನಾ ಫಲಕಕ್ಕೇ ಅಂಟಿಸೋಣವೆಂದಿದ್ದೆ. ಅದಕ್ಕೆ ಫಲಕ ಸಮಿತಿಯ ಒಪ್ಪಿಗೆ ಬೇಕಂತೆ. ಫಲಕ ಸಮಿತಿ ಕೂಡಬೇಕಾದರೆ ಕೊಠಡಿ ಸಮಿತಿ ಬೀಗದ ಕೈ ಕೊಡಬೇಕಂತೆ. ಕೊಠಡಿ ಸಮಿತಿಯ ಸಂಚಾಲಕರು ಊರಲ್ಲಿಲ್ಲವಂತೆ. ಆದ್ದರಿಂದ ಪತ್ರಿಕೆಯ ಮೂಲಕ ನಿಮ್ಮ ಬಾಗಿಲು ತಟ್ಟುತ್ತಿದ್ದೇನೆ. ಹೊರಗಿನ ಓದುಗರಿಗೆ ತಿಳಿಯಲೆಂದು ಒಂದು ಮಾತು: ನಮ್ಮದು ಪ್ರೆಸ್ಬಿಟೇರಿಯನ್ ಎಂಬ ಕ್ರೈಸ್ತ ಸಭೆ. ಎಂದರೆ, ಜನ ಆರಿಸಿದ ಹಿರಿಯರು ಬೋಧಕರ ಜೊತೆ ಕೂತು ನಡೆಸುವ ಸಭೆ. ದೇವರ ಹೆಸರಿನಲ್ಲಿ ಕೂಡಿದ ಜನಕ್ಕೂ ಕನ್ನಡದಲ್ಲಿ ಸಭೆ ಎನ್ನುತ್ತೇವೆ, ಮೇಜಿನ ಸುತ್ತ ಕೂತು ಬಿಸ್ಕತ್ತು ತಿನ್ನುವುದಕ್ಕೂ ಸಭೆ ಎನ್ನುತ್ತೇವೆ. ಈ ಎರಡನೆಯ ಸಭೆ ಮೊದಲನೆಯದನ್ನು ಯಾವಾಗ ನುಂಗಿತು ಎಂಬುದು ಯಾರ ಗಮನಕ್ಕೂ ಬಂದಂತಿಲ್ಲ. ಬಂದಿದ್ದರೆ ಅದಕ್ಕೂ ಒಂದು ಸಮಿತಿ ಆಗಿರುತ್ತಿತ್ತು.

ಸಮಿತಿಗಳೇ ಬೇಡವೆನ್ನುವ ಮೂರ್ಖ ನಾನಲ್ಲ. ಸಂಬಳವಿಲ್ಲದೆ ದುಡಿಯುವವರ ಮೇಲೆ ಹರಿಹಾಯುವುದು ಸಣ್ಣತನ ಎಂಬುದೂ ಗೊತ್ತು. ಸೋರುವ ಮಾಡು ಸರಿಯಾದದ್ದು ಕಟ್ಟಡ ಸಮಿತಿಯಿಂದ. ಕರ್ಕಶವಾಗಿ ಹಾಡುತ್ತಿದ್ದ ನನ್ನನ್ನು ಗಾಯನ ವೃಂದದಿಂದ ವಿನಯವಾಗಿ ಹೊರಗಿಟ್ಟದ್ದು ಸಂಗೀತ ಸಮಿತಿ, ಅದಕ್ಕೆ ಇಡೀ ಸಭೆಯೇ ಋಣಿ. ನನ್ನ ತಕರಾರು ಒಂದೇ ಒಂದು ಸಮಿತಿಯ ಬಗ್ಗೆ, ಅದರಲ್ಲೂ ಒಂದೇ ಒಂದು ಪದದ ಬಗ್ಗೆ.

ಆ ಸಮಿತಿಯ ಕೆಲಸ, ಎಂದರೆ ಆರಾಧನೆಗೆ ಬಾರದವರನ್ನು ವಿಚಾರಿಸಿಕೊಳ್ಳುವುದು, ಮೊದಲು ಹೇಗೆ ನಡೆಯುತ್ತಿತ್ತು ಎಂಬುದನ್ನು ನೆನಪಿಸುತ್ತೇನೆ. ಆರಾಧನೆಯ ನಂತರ ಹಿಂದಿನ ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದ ಹೆಂಗಸರ ಬಳಗ ಒಂದಿತ್ತು. ಅದಕ್ಕೆ ಅಧ್ಯಕ್ಷರಿರಲಿಲ್ಲ, ನನ್ನ ಅತ್ತೆ ಇದ್ದಳು. ಕಪ್ಪುಗಳೆಲ್ಲ ಯಾರ್ಯಾರೋ ಮನೆಯಿಂದ ತಂದುಕೊಟ್ಟವು. ಒಂದರ ಹಾಗೆ ಒಂದಿಲ್ಲ. ಹಾಗಾಗಿ ಕಾಲ ಕಳೆದಂತೆ ಪ್ರತಿಯೊಬ್ಬರಿಗೂ ತಮ್ಮದೇ ಕಪ್ಪು ಎಂದಾಗಿಬಿಟ್ಟಿತ್ತು. ದರ್ಜಿಗೆ ಹಸಿರು ಅಂಚಿನದು, ಆರ್ಗನ್ ನುಡಿಸುವ ಮೇಷ್ಟರಿಗೆ ಕಿವಿ ಮುರಿದದ್ದು. ಚಹಾ ಮುಗಿದ ಮೇಲೆ ಟ್ರೇಯಲ್ಲಿ ಯಾವ ಕಪ್ಪು ಒಣಗಿ ಉಳಿಯಿತೋ ಅದರ ಒಡೆಯರು ಬಂದಿಲ್ಲ ಎಂದರ್ಥ. ಹೆಂಗಸರು ಕೈ ಒರೆಸಿಕೊಳ್ಳುತ್ತಲೇ ಆ ಕಪ್ಪುಗಳನ್ನು ಹಂಚಿಕೊಳ್ಳುತ್ತಿದ್ದರು: ಹಸಿರಂಚು ನಿನಗೆ, ಕಿವಿಮುರುಕ ನನಗೆ. ಕಪ್ಪು ಹಂಚಿಕೊಂಡರೆ ಮನೆ ಹಂಚಿಕೊಂಡ ಹಾಗೆ. ಕಾಯಿಲೆ ಗಟ್ಟಿಯಾಗಿದ್ದರೆ ಅತ್ತೆ ಹೋಗಿ ಛತ್ರಿ ಹಿರಿಯರ ಕಿವಿಗೆ ಹಾಕುತ್ತಿದ್ದಳು.

ಛತ್ರಿ ಹಿರಿಯರನ್ನು ನೀವು ಮರೆತಿರಲಾರಿರಿ. ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತಿದ್ದ ಅವರು ಬಿಸಿಲಿರಲಿ ಮೋಡವಿರಲಿ ಛತ್ರಿ ಹಿಡಿದೇ ಹೊರಡುವವರು, ಹೋದ ಮನೆಯಲ್ಲಿ ಅದನ್ನು ಮರೆತೇ ಬರುವವರು. ಮರುದಿನ ಛತ್ರಿ ತೆಗೆದುಕೊಂಡು ಹೋಗಲು ಮತ್ತೆ ಬರಬೇಕು, ಬಂದವರು ಕೂರಬೇಕು, ಕೂತವರು ಕೇಳಬೇಕು. ಮೊದಲ ದಿನ ‘ಚೆನ್ನಾಗಿದ್ದೀನಿ’ ಎಂದವರು ಎರಡನೆಯ ದಿನ ನಿಜ ಹೇಳುತ್ತಿದ್ದರು. ಇಷ್ಟು ಮರೆವಿನ ಮನುಷ್ಯ ಒಂದು ಪುಟವನ್ನೂ ಹಿಂದುಮುಂದಾಗಿಸದೆ ಪುಸ್ತಕ ಹೇಗೆ ಹೊಲಿಯುತ್ತಾನೆ ಎಂದು ನಾನು ಒಮ್ಮೆ ಅತ್ತೆಯನ್ನು ಕೇಳಿದ್ದೆ. “ನಿನಗೆ ಈಗ ಗೊತ್ತಾಯ್ತೇನೋ ದಡ್ಡ?” ಎಂದಿದ್ದಳು. ಇವರೆಲ್ಲರ ಈ ಓಡಾಟಕ್ಕೆ ಸಭೆಯ ಹಳೆಯ ಕಾಗದಗಳಲ್ಲಿ ಇದ್ದ ಹೆಸರು ಸಂದರ್ಶನ. ಹೋಗಿ ಕಾಣುವುದು ಎಂಬ ಅರ್ಥದಲ್ಲಿ.

ಆಮೇಲೆ ನೀವು ಬಂದಿರಿ, ವ್ಯವಸ್ಥೆ ತಂದಿರಿ. ಪ್ರತಿ ಕೆಲಸಕ್ಕೂ ಸಮಿತಿ, ಪ್ರತಿ ಸಮಿತಿಗೂ ಕೊಠಡಿ, ಪ್ರತಿ ಕೊಠಡಿಗೂ ಹಿತ್ತಾಳೆ ಫಲಕ. ಚಹಾದ ಅಡುಗೆಮನೆ ಸಂದರ್ಶನ ಸಮಿತಿಯ ಕೊಠಡಿಯಾಯಿತು. ಕಪ್ಪುಗಳು ರಟ್ಟಿನ ಪೆಟ್ಟಿಗೆ ಸೇರಿ, ಕಾಗದದ ಲೋಟಗಳು ಬಂದವು. ಕಾಗದದ ಲೋಟ ಶುಚಿ, ಒಪ್ಪುತ್ತೇನೆ. ಆದರೆ ಅದು ಯಾರದ್ದೂ ಅಲ್ಲ; ಆದ್ದರಿಂದ ಅದರ ಲೆಕ್ಕದಲ್ಲಿ ಯಾರೂ ಬಾರದೆ ಉಳಿಯುವುದೇ ಇಲ್ಲ. ಛತ್ರಿ ಹಿರಿಯರು ಅದೇ ವರ್ಷ ತೀರಿಕೊಂಡರು. ಸಮಿತಿಗೆ ಹೊಸಬರು ಬಂದರು. ಅವರಲ್ಲಿ ಇಬ್ಬರು ದೊಡ್ಡ ಕಚೇರಿಗಳ ಸಿಬ್ಬಂದಿ ವಿಭಾಗದಿಂದ ನಿವೃತ್ತರಾದವರು. ಬದುಕಿಡೀ ಮೇಜಿನ ಆಚೆ ಕೂತು ಈಚೆಯವರನ್ನು ಪ್ರಶ್ನಿಸಿದವರು. ಬಾಗಿಲ ಮೇಲೆ ‘ಸಂದರ್ಶನ’ ಎಂದು ಬರೆದಿದೆ, ಒಳಗೆ ಮೇಜಿದೆ. ಅವರು ಏನೆಂದುಕೊಳ್ಳಬೇಕು? ಕೂತರು. ಬರುವವರಿಗಾಗಿ ಕಾದರು.

ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ನಾನೇ ಬೋಧಕರಿಗೆ ಹೇಳಿದ್ದೆ. ಬರುವ ಬುಧವಾರ ಅವಳಿಗೆ ಶಸ್ತ್ರಚಿಕಿತ್ಸೆ. ಅವಳ ಹೃದಯವೂ ಅಷ್ಟಕ್ಕಷ್ಟೆ; ಭರವಸೆ ಕೊಡುವಾಗ ವೈದ್ಯರು ಅವಳ ಮುಖ ಬಿಟ್ಟು ಕಿಟಕಿ ನೋಡಿದರು. ಅದಕ್ಕೆ ಮುಂಚೆ ಕರ್ತನ ಭೋಜನದ, ಎಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ಸಭೆ ಹಂಚುವ, ರೊಟ್ಟಿಯೂ ದ್ರಾಕ್ಷಾರಸವೂ ತನ್ನ ಹಾಸಿಗೆಯ ಬಳಿಗೆ ಬರಬೇಕು, ಸಭೆಯ ಪರವಾಗಿ ಯಾರಾದರೂ ಸ್ವಲ್ಪ ಹೊತ್ತು ಕೂರಬೇಕು. ಅವಳು ಕೇಳಿದ್ದು ಅಷ್ಟೆ. ನಮ್ಮ ಪದ್ಧತಿಯಲ್ಲಿ ಬೋಧಕರು ಅದನ್ನು ಒಬ್ಬರೇ ತರುವಂತಿಲ್ಲ, ಹಿರಿಯರೊಬ್ಬರು ಜೊತೆಗಿರಬೇಕು. ಹಿರಿಯರನ್ನು ಕಳಿಸುವುದು ಸಂದರ್ಶನ ಸಮಿತಿಯ ಕೆಲಸ. ಬೋಧಕರು ಒಳ್ಳೆಯವರು, ಸಮಿತಿಗೆ ತಿಳಿಸಿದರು. ಸಮಿತಿಯಿಂದ ಫೋನು ಬಂತು.

ಫೋನು ಮಾಡಿದ್ದು ಸ್ವಯಂಸೇವಕಿ, ಮೃದು ದನಿಯ ಹುಡುಗಿ. ನಾನು ಸ್ಪೀಕರ್ ಹಾಕಿ ಅತ್ತೆಯ ದಿಂಬಿನ ಬಳಿ ಇಟ್ಟೆ. ಅಮ್ಮಾ, ನಿಮ್ಮ ಸಂದರ್ಶನ ಭಾನುವಾರ ಇದೆ, ಆರಾಧನೆ ಮುಗಿದ ಮೇಲೆ ಸಮಿತಿಯ ಕೊಠಡಿಗೆ ಬನ್ನಿ ಎಂದಳು. ಅತ್ತೆ ತಾರಸಿ ನೋಡುತ್ತಲೇ, “ನಾನೇ ಬರೋ ಹಾಗಿದ್ದರೆ ನೀವು ಬರೋದು ಯಾತಕ್ಕಮ್ಮ?” ಎಂದಳು. ಹುಡುಗಿ, ಕೇಳಿ ಹೇಳ್ತೀನಿ ಎಂದಳು. ಕೇಳಿಯೂ ಕೇಳಿದಳು ಪಾಪ. ಬರಲಾಗದವರು ಪ್ರತಿನಿಧಿಯನ್ನು ಕಳಿಸಬಹುದು ಎಂಬ ವಿನಾಯಿತಿ ಸಿಕ್ಕಿತು.

ಹಾಗೆ ನಾನು ಹೋದೆ. ನನ್ನ ಅತ್ತೆ ಬದುಕಿಡೀ ಚಹಾ ಸೋಸಿದ ಕೋಣೆಯಲ್ಲಿ ಮೂವರು ಮೇಜಿನ ಆಚೆ, ಒಂದು ಖಾಲಿ ಕುರ್ಚಿ ಈಚೆ. ಸಭೆಯ ಸದಸ್ಯತ್ವ ಎಷ್ಟು ಕಾಲದ್ದು, ಈಗಿನ ಸ್ಥಿತಿ ಎಂಥದ್ದು, ಭೇಟಿಯಿಂದ ಅವರು ಏನನ್ನು ನಿರೀಕ್ಷಿಸುತ್ತಾರೆ ಎಂದೆಲ್ಲ ಕೇಳಿದರು. ಭೇಟಿಯನ್ನೇ ನಿರೀಕ್ಷಿಸುತ್ತಾಳೆ ಎಂದೆ. ಖುದ್ದಾಗಿ ನೋಡದೆ ಅಗತ್ಯವನ್ನು ಅಳೆಯುವುದು ಕಷ್ಟ ಎಂದರು ಸಂಚಾಲಕರು. ಹೋಗಿ ನೋಡಿ ಎಂದೆ. ನೋಡಲು ಹೋಗಬೇಕೇ ಎಂದು ತೀರ್ಮಾನಿಸುವುದಕ್ಕೇ ಈ ಸಂದರ್ಶನ ಎಂದರು. ನಾನು ಕನ್ನಡ ಮಾಧ್ಯಮದ ಪದವೀಧರ. ಹೊಟ್ಟೆಗಿಲ್ಲದಿದ್ದರೂ ಪದಕ್ಕೆ ಹೊಡೆದಾಡುವ ಜಾತಿ. ಸಂದರ್ಶನ ಎಂದರೆ ಇಲ್ಲಿ ಕರೆಸುವುದಲ್ಲ ಸ್ವಾಮಿ, ಹೋಗಿ ಕಾಣುವುದು ಎಂದೆ. ಸಂಚಾಲಕರು ಕನ್ನಡಕ ತೆಗೆದು ಒರೆಸಿದರು.

“ಪದಕ್ಕೆ ಎರಡು ಅರ್ಥ ಇದೆ ಅನ್ನೋದು ನಿಜ. ನಾವಾಗಿ ನಾವು ಒಂದನ್ನ ಆರಿಸೋಕ್ಕಾಗಲ್ಲ. ನಿಯಮಾವಳಿ ಉಪಸಮಿತಿಗೆ ಕಳಿಸೋಣ.”

ಉಪಸಮಿತಿ ಕೂಡುವುದು ಮುಂದಿನ ತಿಂಗಳು. ಶಸ್ತ್ರಚಿಕಿತ್ಸೆ ಬರುವ ಬುಧವಾರ. ಅಲ್ಲಿಯವರೆಗೆ ಅಭ್ಯರ್ಥಿ ಗೈರುಹಾಜರು. ಮೆಟ್ಟಿಲಿಳಿಯುವಾಗ ನನ್ನ ಚಟ ಸುಮ್ಮನಿರಲಿಲ್ಲ:

ಸಮಿತಿಗೊಂದು ಉಪಸಮಿತಿ, ಅದಕ್ಕೊಬ್ಬ ಅಧಿಪತಿ;
ಮಂಚ ಹಿಡಿದ ಮುದುಕಿಗೆ ಮನೆಗೋಡೆಯೇ ಗತಿ.

ಈಗ ನನ್ನ ಅನುಮಾನಕ್ಕೆ ಬರುತ್ತೇನೆ. ಇದು ಬರೀ ಪದದ ಎಡವಟ್ಟೇ? ನಾನು ವಿದ್ಯುತ್ ಉಪಕರಣಗಳ ಅಂಗಡಿಯಲ್ಲಿ ದೂರಿನ ಕೌಂಟರಿನಲ್ಲಿ ಕೂರುವವನು. ಮಿಕ್ಸರು ಕೆಟ್ಟರೆ ಅಂಗಡಿಗೆ ಹೊತ್ತು ತನ್ನಿ ಎನ್ನುತ್ತೇವೆ. ಯಾಕೆ? ಅರ್ಧ ಜನ ತರುವುದಿಲ್ಲ. ತರದಿದ್ದರೆ ದೂರಿಲ್ಲ, ದೂರಿಲ್ಲದಿದ್ದರೆ ಮಿಕ್ಸರು ಚೆನ್ನಾಗಿದೆ ಎಂದಾಯಿತು, ವರ್ಷದ ಕೊನೆಗೆ ಮ್ಯಾನೇಜರಿಗೆ ಶಾಲು. ಅಂಥ ನಾವು ಕೂಡ ಫ್ರಿಜ್ಜು ಕೆಟ್ಟರೆ ಹೊತ್ತು ತನ್ನಿ ಎನ್ನುವುದಿಲ್ಲ, ಮನೆಗೆ ಆಳು ಕಳಿಸುತ್ತೇವೆ. ನನ್ನ ಅತ್ತೆ ಫ್ರಿಜ್ಜಿನ ಪಂಗಡ. ನಮ್ಮದು ಮೂರನೆಯ ಮಹಡಿ, ಲಿಫ್ಟಿಲ್ಲ. ಬಾಗಿಲಿಗೆ ಬಂದವರನ್ನು ಮಾತ್ರ ಕಾಣುವ ಸಮಿತಿಗೆ ಬಾಗಿಲಿಗೆ ಬರಲಾಗದವರು ಕಾಣುವುದೇ ಇಲ್ಲ. ಕಾಣದಿದ್ದರೆ ಸಭೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ ಎಂದು ವರದಿ ಬರೆಯಬಹುದು. ಇಷ್ಟು ಅನುಕೂಲವಾದ ತಪ್ಪು ತಾನಾಗಿ ಆಗುತ್ತದೆಯೇ ಸ್ವಾಮಿ?

ಇನ್ನೂ ಕಹಿಯಾದ ಅನುಮಾನವೊಂದಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಕಳೆದ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, ಅಡುಗೆಮನೆ ಬಿಟ್ಟುಕೊಡಲ್ಲ ಎಂದು ನಿಮ್ಮ ಮುಖಕ್ಕೇ ಹೇಳಿದವಳು ನನ್ನ ಅತ್ತೆ ಒಬ್ಬಳೇ. ನೀವು ಆವತ್ತು ನಕ್ಕಿರಿ. ಆ ನಗುವನ್ನು ನಾನು ಮರೆತಿಲ್ಲ. ಅದರ ಸೇಡು ಇದು ಎಂದು ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳುತ್ತಿದ್ದೆ. ಒಳಗಿನಿಂದ ಅತ್ತೆಗೆ ಕೇಳಿಸಿತು. ಕರೆದಳು.

“ಸೇಡು ಗೀಡು ಏನೂ ಇಲ್ಲ ಕಣೋ. ಅವನ ತಾಯಿ ದಿನಾ ಸಂಜೆ ನನಗೆ ಫೋನ್ ಮಾಡ್ತಾಳೆ. ಏನು ಕೇಳ್ತಾಳೆ ಗೊತ್ತಾ? ನಿಮ್ಮ ಮನೆಗಾದರೂ ಯಾರಾದರೂ ಬಂದರಾ ಅಂತ.”

ಕಾರ್ಯದರ್ಶಿಗಳೇ, ಈ ಪತ್ರದಲ್ಲಿ ನಾನು ಬರೆಯಲು ಹಿಂಜರಿದ ವಾಕ್ಯ ಇದೊಂದೇ. ನಿಮ್ಮ ತಾಯಿ ಅದೇ ಚಹಾ ಬಳಗದಲ್ಲಿ ನನ್ನ ಅತ್ತೆಯ ಪಕ್ಕ ನಿಂತು ಕಪ್ಪು ತೊಳೆದವರು. ಕಣ್ಣು ಮಂಜಾದ ಮೇಲೆ ಅವರೂ ಹೊರಗೆ ಬಂದಿಲ್ಲ. ನೀಲಿ ಹೂವಿನ ಕಪ್ಪು ಅವರದು. ಹೀಗೆ ಬರೆಯುತ್ತೇನೆ ಎಂದು ಫೋನಿನಲ್ಲಿ ಹೇಳಿ ಅವರ ಒಪ್ಪಿಗೆ ಪಡೆದಿದ್ದೇನೆ. “ಬರಿ ಮಗ, ಅವನು ಪೇಪರ್ ಓದ್ತಾನೆ” ಎಂದರು. ನೀವು ಅವರನ್ನು ಚೆನ್ನಾಗಿ ನೋಡಿಕೊಳ್ಳುತ್ತೀರಿ ಎಂಬುದರಲ್ಲಿ ಅನುಮಾನವಿಲ್ಲ; ಅನುಮಾನವಿಲ್ಲದ ವಿಷಯ ನನ್ನಲ್ಲಿ ಬಹುಶಃ ಅದೊಂದೇ. ಆದರೆ ನಾವಿಬ್ಬರೂ ಸಾಲದು. ನಾನಿಲ್ಲವೇ, ನಾನು ಪಕ್ಕದಲ್ಲಿ ಕೂತು ಪ್ರಾರ್ಥಿಸಿದರೆ ಸಾಲದೇ ಎಂದು ಅತ್ತೆಯನ್ನು ಕೇಳಿದಾಗ ಅವಳು ಹೇಳಿದ್ದಿಷ್ಟು: “ನೀನು ಮನೆಯವನು. ಮನೆಯವರು ಇದ್ದೇ ಇರ್ತಾರೆ. ಬರಬೇಕಾದವರು ಬರಬೇಕು.”

ಸೇಡಾಗಿದ್ದರೆ ನನಗೆ ಸಮಾಧಾನವಿರುತ್ತಿತ್ತು. ಸೇಡಿಗೆ ಕನಿಷ್ಠ ಪಕ್ಷ ನೆನಪಾದರೂ ಬೇಕು. ನಿಮ್ಮ ವ್ಯವಸ್ಥೆ ನನ್ನ ಅತ್ತೆಯನ್ನು ದ್ವೇಷಿಸಲಿಲ್ಲ, ನಿಮ್ಮ ಸ್ವಂತ ತಾಯಿಯನ್ನು ಮರೆತ ಹಾಗೆಯೇ ಅವಳನ್ನೂ ಮರೆಯಿತು. ಪಕ್ಷಪಾತವಿಲ್ಲದ ಮರೆವು. ಇದಕ್ಕಿಂತ ಸಮಾನತೆ ಇನ್ನೆಲ್ಲಿ ಸಿಕ್ಕೀತು?

ಪ್ರತಿ ಭಾನುವಾರ ನಾನು ಮನೆಗೆ ಬಂದ ಕೂಡಲೇ ಅತ್ತೆ ಕೇಳುವುದು ಬೋಧನೆ ಹೇಗಿತ್ತು ಎಂದಲ್ಲ. ಕಪ್ಪುಗಳು ಪೆಟ್ಟಿಗೆ ಸೇರಿದ್ದು ಗೊತ್ತಿದ್ದೂ, ತನ್ನ ಕಪ್ಪು ಟ್ರೇಯಲ್ಲಿ ಉಳಿದದ್ದನ್ನು ಯಾರಾದರೂ ನೋಡಿದರಾ ಎಂದು. ಪೆಟ್ಟಿಗೆಯೊಳಗಿನ ಕಪ್ಪನ್ನು ಯಾರು ನೋಡುತ್ತಾರೆ? ಕಳೆದ ಭಾನುವಾರ ಕೇಳಲಿಲ್ಲ. ಸಂದರ್ಶನದಲ್ಲಿ ಪಾಸಾದೆನಾ ಎಂದು ಕೇಳಿ ತಾನೇ ನಕ್ಕಳು, ನಕ್ಕದ್ದಕ್ಕೆ ಸೊಂಟ ನೊಂದು ಕಣ್ಣು ಮುಚ್ಚಿಕೊಂಡಳು.

ಆದ್ದರಿಂದ ನನ್ನ ಬೇಡಿಕೆ. ಉಪಸಮಿತಿ ಯಾವ ಅರ್ಥವನ್ನಾದರೂ ಆರಿಸಿಕೊಳ್ಳಲಿ, ಬೇಕಾದರೆ ಮೂರನೆಯದೊಂದನ್ನು ಹುಟ್ಟಿಸಲಿ. ಕಪ್ಪುಗಳ ಪೆಟ್ಟಿಗೆಯನ್ನು ನಿಮಗೆ ಬಿಡುವಾದಾಗ ಬಿಚ್ಚಿ. ಆದರೆ ಮಂಗಳವಾರ ಸಂಜೆಯೊಳಗೆ ಬೋಧಕರನ್ನು ಕರೆದುಕೊಂಡು ನೀವೇ ನಮ್ಮ ಮನೆಗೆ ಬನ್ನಿ. ನೀವೂ ಒಬ್ಬ ಹಿರಿಯರು. ಆ ಕೆಲಸಕ್ಕೆ ನಿಮ್ಮ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ ಹಿರಿಯರಲ್ಲಿ ಛತ್ರಿ ಹಿರಿಯರೂ ಇದ್ದರು. ಮೇಜು ಬೇಡ, ಅತ್ತೆಯ ಮಂಚದ ಪಕ್ಕ ಒಂದು ಮೊಣಕಾಲೆತ್ತರದ ಸ್ಟೂಲಿದೆ. ನೀವು ಬಂದ ಹೊತ್ತಿಗೇ ನಾನು ನಿಮ್ಮ ಮನೆಗೆ ಹೋಗಿ ನಿಮ್ಮ ತಾಯಿಯ ಬಳಿ ಕೂತಿರುತ್ತೇನೆ. ನಾನು ಹಿರಿಯನಲ್ಲ, ಸಮಿತಿಯವನಲ್ಲ. ಆದರೆ ಅವರ ಮಟ್ಟಿಗೆ ನಾನು ಮನೆಯವನೂ ಅಲ್ಲವಲ್ಲ.

ಒಂದು ವಿಷಯ ಮರೆತಿದ್ದೆ. ಛತ್ರಿ ಹಿರಿಯರು ಕೊನೆಯ ಬಾರಿ ಹೊರಗೆ ಹೊರಟದ್ದು ನಮ್ಮ ಮನೆಗೇ. ಮರುದಿನ ಬರುವುದು ಅವರಿಂದ ಆಗಲಿಲ್ಲ. ಛತ್ರಿ ಇನ್ನೂ ನಮ್ಮ ಬಾಗಿಲ ಹಿಂದಿನ ಮೊಳೆಯಲ್ಲಿದೆ. ಅದನ್ನು ತೆಗೆಯಲು ಅತ್ತೆ ಯಾರಿಗೂ ಬಿಟ್ಟಿಲ್ಲ. ನೀವು ಹೊರಡುವಾಗ ಅದನ್ನು ಮುಟ್ಟಬೇಡಿ. ‘ನೀವು ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಮತ್ತೆ ಬಂದು ತೆಗೆದುಕೊಳ್ಳುತ್ತೇನೆ, ಅಲ್ಲಿಯವರೆಗೆ ಇಲ್ಲೇ ಇರಲಿ’ ಎಂದು ಅತ್ತೆಗೆ ಹೇಳಿ.

ಇಂತಿ,
ಅಭ್ಯರ್ಥಿಯ ತಮ್ಮನ ಮಗ,
ಗಾಯನ ವೃಂದದಿಂದ ವಜಾ, ದೂರಿನ ಕೌಂಟರಿನಲ್ಲಿ ಹಾಜರ್,
ಮಂಗಳವಾರದ ತನಕ ಅನುಮಾನದಲ್ಲೇ ನಿಮ್ಮವನು