ಧೂಳಿನ ನಲವತ್ತೊಂದು ಡಬ್ಬಿಗಳು

ಪ್ರೀತಿಯ ಭಾವ,

ನಿನ್ನೆ ಆಸ್ಪತ್ರೆಯಲ್ಲಿ ನಿಮ್ಮ ಮಂಚದ ಪಕ್ಕ ಒಂದು ಗಂಟೆ ಕೂತಿದ್ದರೂ ಹೇಳಬೇಕಾದ್ದನ್ನು ಹೇಳಲಾಗಲಿಲ್ಲ. ಅಕ್ಕ ನಿಮ್ಮ ದಿಂಬು ಸರಿಮಾಡುತ್ತಿದ್ದಳು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಾರ್ಖಾನೆಯಲ್ಲಿ ಕುಲುಮೆಯ ಹೊಗೆ ಬಂದು ಸೇರುವ ಧೂಳುಕೋಣೆಯನ್ನು ನೀವು ವಾರವಾರ ಗುಡಿಸುತ್ತಿದ್ದಿರಿ. ಗುಜರಿ ಕಬ್ಬಿಣದ ಜೊತೆ ವಿಕಿರಣ ಸೂಸುವ ವಸ್ತುವೇನಾದರೂ ಸೇರಿ ಕರಗಿದರೆ, ಅದು ಬಂದು ಕೂರುವುದು ಆ ಧೂಳಿನಲ್ಲೇ. ಆದ್ದರಿಂದ ನೀವು ಇಳಿಯುವ ಮೊದಲು ಒಂದು ಡಬ್ಬಿ ಧೂಳು ನನ್ನ ಪ್ರಯೋಗಾಲಯಕ್ಕೆ ಬರುತ್ತಿತ್ತು. ನಾನು ಸಹಿ ಹಾಕಿದ ಮೇಲೆಯೇ ಬಾಗಿಲು ತೆರೆಯುತ್ತಿದ್ದರು. ಹಿಂಜರಿದ ಹೊಸಬರಿಗೆ ನೀವು, “ಬನ್ರೋ, ಮೆಷಿನ್ ಮುಂದೆ ಕೂತಿರೋಳು ನನ್ ನಾದಿನಿ. ಅವಳ ಕಣ್ಣಿಗೆ ಸಾಸಿವೆ ಕಾಳೂ ತಪ್ಪಲ್ಲ” ಎನ್ನುತ್ತಿದ್ದಿರಂತೆ.

ತಪ್ಪಿತು, ಭಾವ.

ವಿಕಿರಣ ಬಂದು ತಾಗಿದಾಗಲೆಲ್ಲ ಯಂತ್ರದಲ್ಲಿ ಒಂದು ಮಿಡಿತ ಹುಟ್ಟುತ್ತದೆ. ಅದರ ಎತ್ತರ ಅಳೆದರೆ ಅದು ಯಾವ ವಸ್ತುವಿನದೆಂದು ತಿಳಿಯುತ್ತದೆ. ಅಳೆಯುವ ಮೊದಲು ಆ ಮಿಡಿತವನ್ನು ಡಿಜಿಟಲ್ ಫಿಲ್ಟರೊಂದು ಹದಗೊಳಿಸುತ್ತದೆ. ಫಿಲ್ಟರಿಗೆ ಸಾಕಷ್ಟು ಸಮಯ ಕೊಟ್ಟರೆ ಪರದೆಯ ಗ್ರಾಫಿನಲ್ಲಿ ಒಂದೊಂದು ವಸ್ತುವಿನ ಶಿಖರವೂ ಸೂಜಿಯಂತೆ ಬೇರೆಬೇರೆ ನಿಲ್ಲುತ್ತದೆ. ಸಮಯ ಕಡಿಮೆ ಮಾಡಿದರೆ ಎಣಿಕೆ ಬೇಗ ಮುಗಿಯುತ್ತದೆ. ಆದರೆ ಶಿಖರಗಳು ಊದಿಕೊಂಡು, ದೊಡ್ಡದರ ಬುಡದಲ್ಲಿ ಚಿಕ್ಕದು ಅಡಗಿಬಿಡುತ್ತದೆ.

“ಒಂದು ಡಬ್ಬಿಗೆ ಇಷ್ಟು ಹೊತ್ತಾ? ಕುಲುಮೆ ನಿನಗೋಸ್ಕರ ಕಾಯ್ತಾ ಕೂರುತ್ತಾ?” ಎಂದು ಮ್ಯಾನೇಜರ್ ಮೂರು ಸಲ ಗದರಿಸಿದ ಮೇಲೆ ನಾನೇ ಆ ಸಮಯವನ್ನು ಕಾಲುಭಾಗಕ್ಕೆ ಇಳಿಸಿದೆ. ಶಿಖರಗಳು ದಪ್ಪಗಾದದ್ದು ಕಾಣದೆ ಇರಲಿಲ್ಲ. ತಿಂಗಳ ಕೊನೆಗೆ ಸರಿಮಾಡೋಣ ಅಂದುಕೊಂಡೆ. ಹತ್ತು ತಿಂಗಳು ಕಳೆದವು.

ನಿಮ್ಮ ರಕ್ತ ಕೆಟ್ಟಿದೆ ಎಂದು ತಿಳಿದ ವಾರ, ಶೆಲ್ಫಿನಲ್ಲಿದ್ದ ಆ ಹತ್ತು ತಿಂಗಳ ಡಬ್ಬಿಗಳನ್ನೆಲ್ಲ ಇಳಿಸಿ, ಫಿಲ್ಟರಿಗೆ ಮೊದಲಿನ ಸಮಯ ಕೊಟ್ಟು, ಒಂದೊಂದನ್ನೂ ಮತ್ತೆ ಅಳೆದೆ. ನಲವತ್ತೊಂದರಲ್ಲಿ ಹದಿನೇಳರಲ್ಲಿ ವಿಕಿರಣ ಸೂಸುವ ಸೀಸಿಯಂ ಇತ್ತು. ಪುಟ್ಟ ಶಿಖರ, ಕಣ್ಣಿಗೆ ಹೊಡೆಯುವಂತೆ. ಹದಿನೇಳರ ಮೇಲೂ ನನ್ನ ಸಹಿ.

ನಿಮ್ಮ ಡಾಕ್ಟರನ್ನು ಕೇಳಿದೆ. “ಇದರಿಂದಲೇ ಬಂತು ಅಂತ ಹೇಳೋಕಾಗಲ್ಲ. ಇದರಿಂದ ಬಂದಿಲ್ಲ ಅಂತಲೂ ಹೇಳೋಕಾಗಲ್ಲ” ಎಂದರು. ಬೈದಿದ್ದರೆ ವಾಸಿಯಿತ್ತು.

ನಾಳೆ ತನಿಖೆಯವರು ಬರುತ್ತಾರೆ. “ಮೆಷಿನ್ ಕೆಟ್ಟಿತ್ತು ಅಂದ್ಬಿಡು. ಮೆಷಿನ್ನೇನು ಬಂದು ಜಗಳ ಆಡುತ್ತಾ?” ಎಂದರು ಮ್ಯಾನೇಜರ್. ಯಂತ್ರ ಸರಿಯಾಗಿಯೇ ಇತ್ತು, ಅಳತೆ ಕೆಡಿಸಿದವಳು ನಾನು, ಅವಸರ ಮಾಡಿಸಿದವರು ಈ ಮ್ಯಾನೇಜರ್ ಎಂದು ಬರೆದಿಟ್ಟಿದ್ದೇನೆ. ನಿಮ್ಮ ಜೊತೆ ಇಳಿಯುತ್ತಿದ್ದ ಆರು ಜನರ ಮನೆಗೂ ಹೋಗಿ, ವಿಷಯ ತಿಳಿಸಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳಿಬಂದೆ. ಮೂರನೆಯ ಮನೆಯ ಹೆಂಗಸು, “ಅವರ ನಾದಿನಿ ಅಂದ್ರೆ ನೀವೇನಾ?” ಎಂದಳು. ಹೌದೆಂದೆ. ಬಾಗಿಲು ಹಾಕಿಕೊಂಡಳು.

ಅಕ್ಕನಿಗೆ ನಾಳೆ ಸಂಜೆ ನಾನೇ ಹೇಳುತ್ತೇನೆ. ಆ ಹೊರೆಯೂ ನಿಮಗೆ ಬೇಡ. ಕ್ಷಮಿಸಿ ಎನ್ನಲು ನನಗೆ ಮುಖವಿಲ್ಲ. ಭಾನುವಾರ ಆಸ್ಪತ್ರೆಯ ಕೆಳಗಿನ ಬೆಂಚಿನಲ್ಲಿ ಕೂತಿರುತ್ತೇನೆ. ಕರೆದರೆ ಮೇಲೆ ಬರುತ್ತೇನೆ. ಕರೆಯದಿದ್ದರೆ, ನೋಡುವ ಸಮಯ ಮುಗಿಯುವವರೆಗೆ ಕೂತಿದ್ದು ಎದ್ದು ಹೋಗುತ್ತೇನೆ.

ನನ್ನ ಆಯುಸ್ಸೂ ನಿಮಗಿರಲಿ.

ನಿಮ್ಮ ಹೆಂಡತಿಯ ತಂಗಿ