ಡಾಕ್ಟರಿಗೆ ಹೇಳದ ಮಾತು

ಪ್ಲೋವ್‌ದಿವ್, ಮಾರ್ಚ್ ೯

ಪ್ರೀತಿಯ ಅಣ್ಣ ಕೋಸ್ತಾದಿನ್,

ಅಪ್ಪನ ಆಸ್ಪತ್ರೆಯ ಕಾಗದಗಳು ನಿನ್ನ ಬಳಿಯಿದ್ದರೆ ಕಳಿಸು. ಗಂಡು ಹಾರ್ಮೋನು ಕಡಿಮೆಯಾಗಿ ಸದಾ ಸುಸ್ತಾಗುತ್ತಿದ್ದುದರಿಂದ ಎರಡು ವರ್ಷದಿಂದ ನಾನು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೆ. ಸುಸ್ತು ಹೋಗಿ, ದ್ರಾಕ್ಷಿತೋಟದ ಕೆಲಸಕ್ಕೆ ಮತ್ತೆ ಇಳಿದಿದ್ದೆ. "ನಿಮ್ಮನೇಲಿ ಯಾರಿಗಾದ್ರೂ ಪ್ರಾಸ್ಟೇಟ್ ಕ್ಯಾನ್ಸರ್ ಇತ್ತಾ?" ಎಂದು ಡಾಕ್ಟರ್ ಮೊದಲ ದಿನವೇ ಕೇಳಿದ್ದರು. ಇಂಜೆಕ್ಷನ್ ಕೊಡಲಾರರೆಂದು ಹೆದರಿ, ಅಪ್ಪ ಅದರಿಂದಲೇ ತೀರಿಕೊಂಡದ್ದನ್ನು ಮುಚ್ಚಿಟ್ಟೆ.

ಕಳೆದ ವಾರ ರಕ್ತಪರೀಕ್ಷೆಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡುವ ಅಂಕಿ ಏರಿದ್ದು ಕಂಡು ಇಂಜೆಕ್ಷನ್ ನಿಲ್ಲಿಸಿದರು. ಸೋಮವಾರ ಪ್ರಾಸ್ಟೇಟಿನ ಚೂರು ತೆಗೆದು, ಕ್ಯಾನ್ಸರ್ ಇದೆಯೇ ಎಂದು ಪರೀಕ್ಷಿಸುತ್ತಾರೆ. ನಿಜ ಹೇಳಿದಾಗ ಡಾಕ್ಟರ್ ಬೈಯಲಿಲ್ಲ. "ಆಗ ಹೇಳಿದ್ದಿದ್ರೂ ಕೊಡ್ತಿದ್ದೆ ಕಣಪ್ಪಾ, ಆಗಾಗ ಕರೆಸಿ ರಕ್ತ ನೋಡ್ತಿದ್ದೆ ಅಷ್ಟೇ" ಎಂದರು.

ಇಂಜೆಕ್ಷನ್ ನಿಂತು, ಈಗ ಮೆಟ್ಟಿಲು ಹತ್ತುವಷ್ಟರಲ್ಲಿ ಸಾಕಾಗುತ್ತದೆ. ನೀನೂ ರಕ್ತಪರೀಕ್ಷೆ ಮಾಡಿಸು. ಮನೆಯಲ್ಲಿ ಯಾರಿಗಿತ್ತೆಂದು ಕೇಳಿದರೆ ಅಪ್ಪನ ಹೆಸರು ಹೇಳು. ನನ್ನದನ್ನೂ ಹೇಳಬೇಕೇ ಎಂಬುದನ್ನು ವರದಿ ಬಂದ ಮೇಲೆ ಬರೆಯುತ್ತೇನೆ.

ನಿನ್ನ ತಮ್ಮ,
ಜಾಪ್ರಿಯಾನ್